ಗಾಳಿ ನೋಡಿ ಬೆಸೆಯುವ ಅನುಸೂಯಮ್ಮ

ಬೆಳಗಿನ ಐದೂವರೆ. ದಾಬಸ್‌ಪೇಟೆಯಿಂದ ಸೋಂಪುರದ ಫ್ಯಾಕ್ಟರಿಗಳ ಕಡೆ ತಿರುಗುವ ರಸ್ತೆಯಲ್ಲಿ ಲಾರಿಗಳು ಇನ್ನೂ ದೀಪ ಆರಿಸಿಲ್ಲ. ತಗಡಿನ ಶೆಡ್ಡಿನ ಮುಂದಿನ ಬಯಲಲ್ಲಿ ಅನುಸೂಯಮ್ಮ ಊದುಬತ್ತಿ ಹಚ್ಚುತ್ತಾರೆ. ದೇವರ ಪಟಕ್ಕಲ್ಲ. ಕಬ್ಬಿಣದ ಮೇಜಿನ ಅಂಚಿಗೆ ಸಿಕ್ಕಿಸಿ, ಹೊಗೆ ಯಾವ ಕಡೆ ವಾಲುತ್ತದೆ ಎಂದು ನೋಡುತ್ತಾರೆ. ಆಮೇಲೆ ಮೇಜನ್ನು ಎಳೆದು ತಿರುಗಿಸಿ, ಗಾಳಿ ಎಡಭುಜದಿಂದ ಬಲಕ್ಕೆ ಹಾಯುವಂತೆ ನಿಲ್ಲುತ್ತಾರೆ.

"ಗಾಳಿಗೆ ಬೆನ್ನು ಕೊಟ್ರೆ ಹೊಗೆ ಮುಖದ ಮುಂದೇನೇ ಸುತ್ತಾಡುತ್ತೆ ಮೇಡಂ. ಪಕ್ಕದಿಂದ ಹೊಡ್ಕೊಂಡು ಹೋಗ್ಬೇಕು," ಎಂದು ಮಾತಾಡಿಸಲು ಬಂದ ನನಗೆ ಹೇಳಿ ಫಿಲ್ಟರ್ ಇರುವ ಮಾಸ್ಕ್ ಬಿಗಿಯುತ್ತಾರೆ. ಅದರ ಮೇಲೆ ವೆಲ್ಡಿಂಗ್ ಶೀಲ್ಡ್ ಇಳಿಯುತ್ತದೆ. ನೀಲಿ ಬೆಳಕು ಚಿಮ್ಮುತ್ತದೆ.

ನಲವತ್ತಾರರ ಅನುಸೂಯಮ್ಮ ಗೇಟು, ಕಿಟಕಿಯ ಗ್ರಿಲ್ಲು, ಶೀಟ್ ಮನೆಯ ಕಂಬ ಮಾಡುತ್ತಾರೆ. ದಿನಕ್ಕೆ ಎಪ್ಪತ್ತು ವೆಲ್ಡಿಂಗ್ ರಾಡ್ ಉರಿಯುತ್ತದೆ. ಶೆಡ್ಡಿನೊಳಗೆ ಮಾಡುತ್ತಿದ್ದಾಗ ನೂರು ದಾಟುತ್ತಿತ್ತು. ಬಯಲಲ್ಲಿ ಬೆಳಗ್ಗೆ ಎಂಟರವರೆಗೆ ಮಾತ್ರ ಬೆಸುಗೆ. ಆಮೇಲೆ ಶಾಲೆಯ ಮಕ್ಕಳು ಹಾಯುತ್ತಾರೆ, ಆ ಬೆಳಕು ನೋಡಿದ ಕಣ್ಣು ಉರಿಯುತ್ತದೆ. ಮಕ್ಕಳು ಮನೆ ಸೇರಿದ ಮೇಲೆ ಸಂಜೆ ಮತ್ತೆ ಶುರು. ನಡುವಿನ ಹೊತ್ತು ಅಳತೆಗೆ, ಕಟಿಂಗಿಗೆ, ಬಣ್ಣಕ್ಕೆ.

ಅಳತೆ ಹಾಕುವವರು ಗಂಡ ಕಾಂತರಾಜು. ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಪೈಪಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಎದುರಿನ ಟೀ ಅಂಗಡಿಗೆ ಹೋಗಲು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕು. ಒಂದು ಕಾಲಕ್ಕೆ ಈ ರಸ್ತೆಯ ಹೆಸರಾಂತ ವೆಲ್ಡರ್ ಅವರೇ. ಬೇರೆಯವರು ಒಲ್ಲೆ ಎನ್ನುತ್ತಿದ್ದ ಕೆಲಸ, ಅಂದರೆ ಟ್ಯಾಂಕಿನೊಳಗೆ ಇಳಿದು ಬೆಸೆಯುವುದು, ಅವರ ಪಾಲಿಗೆ ಬರುತ್ತಿತ್ತು.

ಆ ವರ್ಷಗಳಲ್ಲಿ ಸೋಮವಾರ ಬಂದರೆ ಅವರಿಗೆ ಚಳಿಜ್ವರ. ಸಂಜೆ ನಡುಗಿ ಮಲಗಿದವರು ಬೆಳಗ್ಗೆ ಏನೂ ಆಗದವರಂತೆ ಎದ್ದು ಹೋಗುತ್ತಿದ್ದರು. ಅತ್ತೆ ತಪ್ಪನ್ನು ಸೊಸೆಯ ಅಡುಗೆಮನೆಯಲ್ಲಿ ಹುಡುಕಿದರು. "ಭಾನುವಾರ ಬಾಡು ಬೇಯಿಸೋಕೆ ಬರಲ್ಲ ಇವಳಿಗೆ, ನನ್ನ ಮಗ ಸೋಮವಾರ ಮಲಗ್ತಾನೆ ಅನ್ನೋರು. ನಾನೂ ಹೌದೇನೋ ಅಂದ್ಕೊಂಡೆ. ಕೊನೆಗೆ ಭಾನುವಾರ ಬಾಡು ತರೋದೇ ನಿಲ್ಲಿಸ್ದೆ. ಜ್ವರ ಮಾತ್ರ ನಿಲ್ಲಲಿಲ್ಲ," ಎಂದು ಅನುಸೂಯಮ್ಮ ನಗುತ್ತಾರೆ.

ಹನ್ನೊಂದು ವರ್ಷ ಆ ನಿಂದೆಯನ್ನು ಹೊತ್ತ ಹೆಂಗಸಿಗೆ ನಿಜ ತಿಳಿದದ್ದು ಗಂಡನ ಕೈಯಿಂದ ರಾಡ್ ಹಿಡಿಯುವ ಹೋಲ್ಡರ್ ತಾವು ತೆಗೆದುಕೊಂಡು, ತಮಗೂ ಕೆಮ್ಮು ಹತ್ತಿದ ಮೇಲೆ. ಆಸ್ಪತ್ರೆಯ ಡಾಕ್ಟರ್ ಚೈತ್ರ ಬಿಡಿಸಿ ಹೇಳಿದರು: ತುಕ್ಕು ಹಿಡಿಯದಿರಲೆಂದು ಪೈಪಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ, ಅದು ಸುಟ್ಟು ಏಳುವ ಹೊಗೆಯೇ ಆ ಜ್ವರ ತರುತ್ತದೆ. ದಿನಾ ಆ ಹೊಗೆ ಕುಡಿದರೆ ಮೈ ತಾತ್ಕಾಲಿಕವಾಗಿ ಒಗ್ಗಿಕೊಳ್ಳುತ್ತದೆ, ಒಂದು ದಿನ ರಜೆ ಸಿಕ್ಕರೆ ಆ ಒಗ್ಗಿಕೆ ಹೋಗುತ್ತದೆ. ಅದಕ್ಕೇ ಸೋಮವಾರ. ಮುಚ್ಚಿದ ಟ್ಯಾಂಕಿನೊಳಗೆ ವರ್ಷಗಟ್ಟಲೆ ಕುಡಿದ ಹೊಗೆಯೇ ಕಾಂತರಾಜು ಅವರ ಎದೆಯನ್ನೂ ಕೆಡಿಸಿತ್ತು.

"ಅವತ್ತು ಬಸ್ಸಲ್ಲಿ ಬರ್ತಾ ಅತ್ತುಬಿಟ್ಟೆ," ಎನ್ನುತ್ತಾರೆ. "ಇವರ ಎದೆ ಹಾಳಾಯ್ತಲ್ಲ ಅಂತ ಒಂದು. ನನ್ನ ಸಾರಿನ ತಪ್ಪಲ್ಲ ಅಂತ ಇನ್ನೊಂದು. ಎರಡಕ್ಕೂ ಒಂದೇ ಸಲ ಅಳು ಬಂತು."

ಕಳೆದುಹೋದ ಉಸಿರು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದಿದ್ದಾರೆ ಡಾಕ್ಟರ್. ಈಗ ಅನುಸೂಯಮ್ಮ ಬೆಸೆಯುವ ಜಾಗದ ಲೇಪವನ್ನು ಮಾಸ್ಕ್ ಹಾಕಿಕೊಂಡೇ ಗ್ರೈಂಡರಿನಿಂದ ಉಜ್ಜಿ ತೆಗೆಯುತ್ತಾರೆ. ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಉಸಿರಿನ ಮಿಷನ್ನಿಗೆ ಊದಿ ಬರುತ್ತಾರೆ. ಈ ಸಲದ ಚೀಟಿ ಇನ್ನೂ ಪರ್ಸಿನಲ್ಲಿದೆ. "ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆಯಂತೆ. ಇಳಿದಿಲ್ಲ."

ಮಾತಿನ ನಡುವೆ ಬೈಕ್ ನಿಲ್ಲುತ್ತದೆ. ಕೆಲಸ ಗುತ್ತಿಗೆಗೆ ಹಿಡಿಯುವ ನರೇಶ್, ಹಳೆಯ ಪರಿಚಯ. ಗೋಡೌನಿನಲ್ಲಿ ದೊಡ್ಡ ಟ್ಯಾಂಕೊಂದು ಸೋರುತ್ತಿದೆಯಂತೆ, ಒಳಗಿನಿಂದ ಬೆಸೆಯಬೇಕು.

"ಒಳಗೆ ಇಳಿಯಲ್ಲಪ್ಪ. ಒಂದು ಕಡೆ ತಗಡು ಬಿಚ್ಚಿಸಿ ಬಯಲಿಗೆ ತಾ, ಮಾಡಿಕೊಡ್ತೀನಿ."

"ಏನಕ್ಕಾ, ಟ್ಯಾಂಕಿಗೆ ಮದುವೆ ಚಪ್ಪರ ಹಾಕಿಸ್ಬೇಕು ಅನ್ನೋಹಂಗೆ ಹೇಳ್ತೀರಲ್ಲ! ಅರ್ಧ ಗಂಟೆ ಕೆಲಸ. ಕಾಂತಣ್ಣ ಆಗಿದ್ರೆ ಮಾತಾಡ್ದೇ ಇಳೀತಿದ್ರು."

"ಇಳಿದಿದ್ಕೇ ನೋಡು ಅಲ್ಲಿ ಕೂತಿರೋದು."

ನರೇಶ್ ಬಾಗಿಲ ಕಡೆ ನೋಡಿ ತಲೆ ತಗ್ಗಿಸುತ್ತಾನೆ. ಕೇಳಿ ಹೇಳ್ತೀನಿ ಎಂದು ಬೈಕ್ ತಿರುಗಿಸಿಕೊಂಡು ಹೋಗುತ್ತಾನೆ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಗಂಡನೆದುರೇ ಹಾಗೆ ಅಂದೆನಲ್ಲ ಎಂಬ ಅಳುಕು ಅನುಸೂಯಮ್ಮನ ಮುಖದಲ್ಲಿ ಕಾಣುತ್ತದೆ. ಆದರೆ ಕಾಂತರಾಜು ಮುನಿದಿಲ್ಲ.

"ಸರಿಯಾಗಿ ಹೇಳ್ದೆ," ಎಂದು ಅವರು ಉಸಿರು ಎಳೆದುಕೊಳ್ಳುತ್ತಾರೆ. "ನಂಗೆ... ಬೇಡ ಅನ್ನೋಕೆ ಬರ್ತಿರ್ಲಿಲ್ಲ. ಒಲ್ಲೆ ಅಂದ್ರೆ ಕೆಲಸಗಾರನೇ ಅಲ್ಲ ಅಂದ್ಕೊಂಡಿದ್ದೆ."

ಅನುಸೂಯಮ್ಮನನ್ನು ಮುಂದೆ ಏನು ಆಸೆ ಎಂದು ಕೇಳಿದರೆ ಗ್ಲೌಸ್ ಎಳೆದುಕೊಳ್ಳುತ್ತಾ ಯೋಚಿಸುತ್ತಾರೆ. "ಅರವತ್ತು ವರ್ಷದ ತನಕ ಹೋಲ್ಡರ್ ಹಿಡೀಬೇಕು ಮೇಡಂ. ರಾತ್ರಿ ಇವ್ರಿಗೆ ಉಸಿರು ಸಿಗದೇ ಹೋದಾಗ ಓಡಿಹೋಗಿ ಆಟೋ ಕರೆಯೋಷ್ಟು ದಮ್ಮು ನನ್ನಲ್ಲಿರ್ಬೇಕು. ಅಷ್ಟೇ."