ವಾಡಿಯ ಬೂದಿ ಎಲೆ

ನಮ್ಮ ವಾಡಿಯಲ್ಲಿ ಮಳೆಗಾಲ ಮುಗಿದರೆ ಎಲೆಗಳ ಬಣ್ಣ ಬೂದಿ. ಸಿಮೆಂಟ್ ಕಾರ್ಖಾನೆಯ ಧೂಳು ಎಲೆಗಳ ಮೇಲೆ ಕೂತು, ಅದರ ಮೇಲೆ ಇಬ್ಬನಿ ಬಿದ್ದು ಗೋಡೆಯ ಗಿಲಾವಿನಂತೆ ಗಟ್ಟಿಯಾಗುತ್ತದೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಎಲೆ ಎಂದರೆ ಅದೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಲು ನಿಂತ ಮೇಲೂ ಅದೇ.

ಒಂದು ಬೇಸಿಗೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಕಾಲೇಜು ಗೇಟಿನ ಪಕ್ಕದ ಗಿಡವೊಂದನ್ನು ತೋರಿಸಿ, ಸಸ್ಯಗಳ ಆನ್‌ಲೈನ್ ಭಂಡಾರದಲ್ಲಿ ಇದರ ಗುರುತು ಹುಡುಕಿ ಎಂದರು. ‘ಎಲೆ ಬೂದುಬಣ್ಣ, ಒರಟು, ಮುಟ್ಟಿದರೆ ಪುಡಿ’ ಎಂದು ಟೈಪ್ ಮಾಡಿದೆ. ಭಂಡಾರ ಯಾವುದೋ ಮರುಭೂಮಿಯ ಪೊದೆಗಳ ಮೇಲಿನ ಪ್ರಬಂಧಗಳನ್ನು ತಂದು ರಾಶಿ ಹಾಕಿತು. ಒಂದೂ ತಾಳೆಯಾಗಲಿಲ್ಲ.

“ತಾಳಿ ಆಗಲಿಲ್ಲಂದ್ರ ಹೊಸಾದೇ ಇರಬೇಕು. ನೀವು ಬರ್ಯಾಕ ಕುಂದ್ರಿ,” ಎಂದರು ಮುಖ್ಯಸ್ಥರು. ಹೊಸ ಪ್ರಭೇದಕ್ಕೆ ತಮ್ಮ ಅತ್ತೆಯ ಹೆಸರಿಡಬೇಕೆಂದೂ ಹೇಳಿದರು. ‘ಒರಟು’ ಎಂಬುದನ್ನು ಓದಿಯೇ ಆಕೆ ನೆನಪಾಗಿರಬೇಕು.

ನಮ್ಮ ಪ್ರಬಂಧವನ್ನು ಭಂಡಾರಕ್ಕೆ ಕಳಿಸಬೇಕೆಂದ ದಿನವೇ ಮುಂಗಾರಿನ ಮೊದಲ ಮಳೆ ಜಡಿಯಿತು. ಮಳೆ ನಿಂತ ಮೇಲೆ ಕೊನೆಯದೊಂದು ಫೋಟೊ ತೆಗೆಯಲು ಇಬ್ಬರೂ ಗೇಟಿಗೆ ಹೋದೆವು. ಅಲ್ಲಿ ಹಸಿರಾಗಿ ಮಿರಮಿರ ಹೊಳೆಯುತ್ತ ಒಂದು ಹೊಂಗೆ ಗಿಡ ನಿಂತಿತ್ತು. ಹಿಂದಿನ ವರ್ಷದ ವನಮಹೋತ್ಸವದಲ್ಲಿ ಇದೇ ಮುಖ್ಯಸ್ಥರು ನೆಟ್ಟು, ಫೋಟೊ ಹೊಡೆಸಿಕೊಂಡು, ಮರೆತುಹೋದ ಗಿಡ.

ಅವರು ಕೊಡೆ ಮಡಚಿ ಆಕಾಶವನ್ನು ಕೆಕ್ಕರಿಸಿ ನೋಡಿದರು.

“ಈ ಮಳಿ ಎಂಟ ದಿನ ತಡದ ಬಂದಿದ್ರ ಇದರಪ್ಪನ ಗಂಟೇನ್ ಹೋಗ್ತಿತ್ರೀ?”