ಚಪ್ಪಲಿ ಎಣಿಸಿ ಅಕ್ಕಿ ಹಾಕುತ್ತಿದ್ದ ಮುರುಗಪ್ಪ

ಮುಹೂರ್ತದ ಹೊತ್ತಿಗೆ ಎಲ್ಲರೂ ಮಂಟಪದ ಕಡೆ ನೋಡುತ್ತಿದ್ದರೆ ರಾಮಗಿರಿಯ ಅಡುಗೆ ಭಟ್ಟ ಮುರುಗಪ್ಪ ಛತ್ರದ ಬಾಗಿಲಲ್ಲಿ ನಿಂತು ಚಪ್ಪಲಿ ಎಣಿಸುತ್ತಿದ್ದ. ಕೈಯಲ್ಲಿ ಒಂದು ತೊಗರಿ ಕಡ್ಡಿ ಇರುತ್ತಿತ್ತು. ಹತ್ತು ಜೊತೆಗೊಮ್ಮೆ ಮಣ್ಣಿನಲ್ಲಿ ಒಂದು ಗೀಟು ಎಳೆಯುತ್ತಿದ್ದ. ಮಕ್ಕಳ ಎರಡು ಜೊತೆಯನ್ನು ದೊಡ್ಡವರ ಒಂದು ಜೊತೆಯೆಂದು ಹಿಡಿಯುತ್ತಿದ್ದ. ಬರಿಗಾಲಲ್ಲಿ ಬರುವ ಹಳಬರಿಗೆಂದು ನೂರಕ್ಕೆ ಹತ್ತು ಸೇರಿಸುತ್ತಿದ್ದ. ಆಮೇಲೆಯೇ ಒಳಗೆ ಹೋಗಿ ಕುದಿಯುವ ಎಸರಿಗೆ ಅಕ್ಕಿ ಸುರಿಯುತ್ತಿದ್ದ.

ಹೊಳಲ್ಕೆರೆ ತಾಲ್ಲೂಕಿನಲ್ಲಿ ಮದುವೆ ಅಡುಗೆ ಮಾಡುವವರು ಇನ್ನೂ ಹಲವರಿದ್ದರು. ಮನೆಯವರು ಹೇಳಿದ ಸಂಖ್ಯೆಗೆ ಅವರು ಇನ್ನೊಂದು ನೂರು ಸೇರಿಸಿ ಬೇಯಿಸುತ್ತಿದ್ದರು. 1991ರವರೆಗೆ ಮುರುಗಪ್ಪನೂ ಹಾಗೆಯೇ ಮಾಡುತ್ತಿದ್ದ. ಆ ವರ್ಷ ಅವನ ಊರಿನದೇ ಒಂದು ಮದುವೆಯಲ್ಲಿ ಎರಡು ಕೊಪ್ಪರಿಗೆ ಅನ್ನ ಉಳಿಯಿತು. ಅದನ್ನು ಹಿತ್ತಿಲ ಗುಂಡಿಗೆ ಹಾಕಿಸಿದ. ಪಕ್ಕದ ಬೀದಿಯ ವೀರಮ್ಮನ ಹಾಲು ಕೊಡುವ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಅದನ್ನು ಹೊಟ್ಟೆ ತುಂಬ ತಿಂದಿತು. ಹೊಟ್ಟೆ ಉಬ್ಬರಿಸಿ ಮರುದಿನ ಮಧ್ಯಾಹ್ನ ಸತ್ತಿತು. ವೀರಮ್ಮ ಜಗಳಕ್ಕೆ ಬರಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ಎಮ್ಮೆ ತೋರಿಸಿದಳು.

“ನೋಡಪ್ಪ, ನಿನ್ನ ಅನ್ನ ಎಲ್ಲೈತೆ ಅಂತ.”

ಚಪ್ಪಲಿ ಎಣಿಸುವುದು ಶುರುವಾದದ್ದು ಅದರ ಮುಂದಿನ ಮದುವೆಯಿಂದ. ಸಂತೆಗೂ ತಾನೇ ಹೋಗತೊಡಗಿದ. ಮನೆಯವರು ಕೊಟ್ಟ ಪಟ್ಟಿಯಲ್ಲಿ ಹೂಕೋಸು ಇದ್ದರೆ ಹೊಡೆದುಹಾಕಿ, ಸುತ್ತಲಿನ ಹೊಲಗಳಿಂದ ಬಂದ ಬದನೆ, ಕುಂಬಳ, ಅವರೆ ಬರೆಯುತ್ತಿದ್ದ. “ಲಾರಿ ಹತ್ತಿ ಬಂದ ತರಕಾರಿಗೆ ದಾರಿಯಾಗೇ ಸುಸ್ತಾಗಿರ್ತೈತೆ” ಎನ್ನುತ್ತಿದ್ದ. ಕುಂಬಳದ ಸಿಪ್ಪೆ ಅವನ ಕೈಯಲ್ಲಿ ಚಟ್ನಿಯಾಗುತ್ತಿತ್ತು. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಬೆರೆಸಿ ಅಡುಗೆಯವರೇ ಕುಡಿಯುತ್ತಿದ್ದರು. ಒಲೆಗೆ ತೆಂಗಿನ ಮಟ್ಟೆ, ಊಟಕ್ಕೆ ಮುತ್ತುಗದ ಎಲೆ. ಪ್ಲಾಸ್ಟಿಕ್ ಲೋಟ ಬಂದ ಮೇಲೂ ತನ್ನ ಸ್ಟೀಲ್ ಲೋಟಗಳ ಮೂಟೆಯನ್ನು ಊರೂರಿಗೆ ಹೊರುತ್ತಿದ್ದ. ತರಕಾರಿ ಹೆಚ್ಚಲು ಜೊತೆಗೆ ಬರುತ್ತಿದ್ದ ಚಂದ್ರಕ್ಕ ಅವನಿಗಿಂತ ಎರಡು ವರ್ಷ ದೊಡ್ಡವಳು, ಬಾಯಿ ಜೋರು. “ನಮ್ಮ ಭಟ್ಟರು ಒಲೆ ಮುಂದೆ ಇಲ್ಲ ಕಣ್ರಿ, ಚಪ್ಪಲಿ ಕಾಯಾಕೆ ಹೋಗ್ಯಾರೆ” ಎಂದು ಬಂದವರಿಗೆ ಹೇಳುತ್ತಿದ್ದಳು.

ಹನ್ನೆರಡು ವರ್ಷ ಲೆಕ್ಕ ತಪ್ಪಲಿಲ್ಲ. 2003ರ ಮೇ ತಿಂಗಳಲ್ಲಿ ಹೊರಕೆರೆದೇವಪುರದ ಕೆಂಚಪ್ಪ ಮಗಳ ಮದುವೆಗೆ ಕರೆಯಲು ಬಂದ.

“ಮುರುಗಣ್ಣ, ಇರೋಳು ಒಬ್ಬಳೇ ಮಗಳು. ಬೀಗರ ಮುಂದೆ ಅನ್ನ ಕಡಿಮೆ ಆಗಬಾರ್ದು.”

“ಕಡಿಮೆನೂ ಆಗಲ್ಲ, ಹೆಚ್ಚೂ ಆಗಲ್ಲ.”

“ಹೆಚ್ಚಾದ್ರೆ ಆಗ್ಲಿ ಬಿಡಪ್ಪ.”

“ಆಗ್ಲಿ ಅನ್ನೋದಾದ್ರೆ ಬೇರೆಯವ್ರನ್ನ ಕರೀರಿ.”

ಕೆಂಚಪ್ಪ ಒಪ್ಪಿಕೊಂಡ.

ಗಂಡಿನ ಕಡೆಯವರು ಹೊಸದುರ್ಗದಿಂದ ಎರಡು ಬಸ್ಸಿನಲ್ಲಿ ಬಂದರು. ಮುರುಗಪ್ಪ ಎಂದಿನಂತೆ ಎಣಿಸಿದ. ಮುನ್ನೂರ ಎಂಬತ್ತು ಜೊತೆ. ಬರಿಗಾಲಿನವರದ್ದು ಸೇರಿಸಿ ನಾನೂರ ಇಪ್ಪತ್ತು ಜನಕ್ಕೆ ಅಕ್ಕಿ ಹಾಕಿದ. ಒಂದೊಂದು ಪಂಕ್ತಿಗೆ ನೂರ ನಲವತ್ತು ಜನ, ಮೂರು ಪಂಕ್ತಿ. ಮೂರನೆಯದು ಕೂತಾಗ ಬಾಗಿಲ ಹೊರಗೆ ಇನ್ನೂ ಸಾಲು ಇತ್ತು. ಅವನು ಹೊರಗೆ ಬಂದು ನೋಡಿದ. ಒಬ್ಬ ಅಜ್ಜಿ ಕಾದ ಚಪ್ಪಡಿಯ ಮೇಲೆ ತುದಿಗಾಲಲ್ಲಿ ಹಾರುತ್ತ ನೆರಳಿಗೆ ಓಡುತ್ತಿದ್ದಳು.

“ಅಜ್ಜಿ, ಚಪ್ಪಲಿ ಎಲ್ಲಿ?”

“ಬಸ್ಸಿನಾಗೆ ಅವೆ ಕಣಪ್ಪ. ಮೊದ್ಲು ದೇವಸ್ಥಾನಕ್ಕೆ ಹೋದ್ವಲ್ಲ, ಎಲ್ರೂ ಅಲ್ಲೇ ಬಿಟ್ಟು ಇಳಿದ್ವಿ. ಅಲ್ಲಿಂದ ಹಂಗೇ ನಡ್ಕಂಡು ಬಂದ್ವಿ.”

ಮುರುಗಪ್ಪ ಬಸ್ಸು ಹತ್ತಿ ಸೀಟುಗಳ ಕೆಳಗೆ ಬಗ್ಗಿ ಎಣಿಸಿದ. ಎರಡೂ ಬಸ್ಸಿನಲ್ಲಿ ಸೇರಿ ತೊಂಬತ್ತಾರು ಜೊತೆ ಇದ್ದವು.

ಅವನು ವಾಪಸ್ಸು ಬರುವಷ್ಟರಲ್ಲಿ ಸಾಲಿನ ಮುಂದಿದ್ದ ಚಿತ್ತಯ್ಯ, ಮದುಮಗನ ಸೋದರಮಾವ, ದನಿ ಏರಿಸಿದ್ದ.

“ಏನ್ರಿ ಕೆಂಚಪ್ಪ, ಬೀಗರು ಬರ್ತಾರೆ ಅಂತ ಯಾರೂ ಹೇಳಿರ್ಲಿಲ್ವೇನ್ರಿ ನಿಮಗೆ?”

ಕೆಂಚಪ್ಪ ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಮುರುಗಪ್ಪ ನಡುವೆ ಹೋಗಿ ನಿಂತ.

“ತಪ್ಪು ಅವರದಲ್ಲ, ನಂದು. ನಿಮ್ಮ ಚಪ್ಪಲಿ ಬಸ್ಸಿನಾಗೆ ಉಳಿದ್ವು, ನನ್ನ ಎಣಿಕೆಗೆ ಸಿಗಲಿಲ್ಲ.”

“ಉಣ್ಣೋದು ನಾನಪ್ಪ, ನನ್ನ ಚಪ್ಪಲಿ ಅಲ್ಲ!” ಎಂದ ಚಿತ್ತಯ್ಯ. ಸಾಲಿನಲ್ಲಿದ್ದವರು ನಕ್ಕರು. ಕೆಂಚಪ್ಪ ನಗಲಿಲ್ಲ.

ಒಳಗೆ ಚಂದ್ರಕ್ಕ ಆಗಲೇ ಬೇಳೆ ಒಲೆಗೆ ಇಟ್ಟಿದ್ದಳು. ಇರುವ ಸಾರಿಗೇ ನೀರು ಹಾಕಿ ಎಂದು ಬಡಿಸುವವರಲ್ಲಿ ಒಬ್ಬ ಹೇಳಿದ. ಮುರುಗಪ್ಪ ಬೇಡವೆಂದ. ಅಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕಿತ್ತು. ಎದುರಿನ ಅಂಗಡಿಯಿಂದ ಒಂದು ಮೂಟೆ ಮಂಡಕ್ಕಿ ತರಿಸಿದ. ಅದನ್ನು ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದ. ಕಾಲು ಗಂಟೆಯಲ್ಲಿ ಅದು ಮುತ್ತುಗದ ಎಲೆಯ ಮೇಲೆ ಸಾಲಿನಲ್ಲಿದ್ದವರ ಕೈಗೆ ಬಂತು.

“ಮದುವೆ ಊಟ ಅಂತ ಬಂದ್ರೆ ಮಂಡಕ್ಕಿ ತಿನ್ನಿಸ್ತಾರಲ್ಲೋ” ಎಂದು ಚಿತ್ತಯ್ಯ ಹೇಳಿದ. ಹೇಳುತ್ತಲೇ ಎರಡನೇ ಸಲ ಹಾಕಿಸಿಕೊಂಡ.

ಮುರುಗಪ್ಪ ಹೊಸ ಎಸರಿಗೆ ಅಕ್ಕಿ ಸುರಿದ. ಎಷ್ಟೆಂದು ಅಳೆಯಲಿಲ್ಲ. ಎರಡನೇ ಸಲ ಕಡಿಮೆಯಾದರೆ ಎಂಬ ಹೆದರಿಕೆಯಲ್ಲಿ ಚೀಲವನ್ನೇ ಬಗ್ಗಿಸಿದ. ನಾಲ್ಕನೇ ಪಂಕ್ತಿ ಕೂರುವಾಗ ಮೂರು ಗಂಟೆ ದಾಟಿತ್ತು. ಮಂಡಕ್ಕಿ ತಿಂದವರು ಹೆಚ್ಚು ಉಣ್ಣಲಿಲ್ಲ. ಅರ್ಧ ಕೊಪ್ಪರಿಗೆ ಅನ್ನ ಉಳಿಯಿತು.

ಬಸ್ಸುಗಳು ಹೋದ ಮೇಲೆ ಚಂದ್ರಕ್ಕ ಕೊಪ್ಪರಿಗೆಯೊಳಗೆ ಇಣುಕಿದಳು. “ಇದನ್ನೇನು ಮಾಡ್ತೀಯ ಈಗ?”

ಮುರುಗಪ್ಪ ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ತೆಗೆದ. ಇಬ್ಬರೂ ಅನ್ನವನ್ನು ನಾದಿ, ಛತ್ರದ ತಾರಸಿಯ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟರು. ಮೂರು ದಿನ ಒಣಗಿಸಿದರು. ಮುರುಗಪ್ಪ ಆ ಮೂರೂ ದಿನ ಊರಿಗೆ ಹೋಗಲಿಲ್ಲ. ಸಂಡಿಗೆಯನ್ನು ಕೆಂಚಪ್ಪನ ಮನೆಗೆ ತಲುಪಿಸಿದ. ಅವರು ಅದನ್ನು ತವರಿಗೆ ಬಂದ ಮಗಳ ಜೊತೆ ಹೊಸದುರ್ಗಕ್ಕೆ ಕಳಿಸಿದರು.

ಬೀಗರಿಗೆ ಅನ್ನ ಸಾಲಲಿಲ್ಲವೆಂಬ ಸುದ್ದಿ ಸುತ್ತಲ ಊರುಗಳಿಗೆ ಹೋಯಿತು. ವರ್ಷಕ್ಕೆ ಇಪ್ಪತ್ತು ಮದುವೆ ಮಾಡುತ್ತಿದ್ದವನಿಗೆ ಮರುವರ್ಷ ಐದು ಸಿಕ್ಕವು. ಆಗಲೂ ಚಪ್ಪಲಿ ಎಣಿಸುವುದನ್ನು ಬಿಡಲಿಲ್ಲ. ಎಣಿಸುವ ಮೊದಲು ಬಸ್ಸುಗಳಿಗೂ ಒಂದು ಸುತ್ತು ಹೋಗಿಬರುತ್ತಿದ್ದ, ಅಷ್ಟೆ.

2005ರಲ್ಲಿ ಚಿತ್ತಯ್ಯ ರಾಮಗಿರಿಗೆ ಬಂದ. ಅವನ ಮಗಳ ಮದುವೆ ಗೊತ್ತಾಗಿತ್ತು.

“ಆ ಸಂಡಿಗೆ ನಾವೂ ತಿಂದ್ವಿ ಕಣ್ರಿ,” ಎಂದ. “ನಿಮ್ಮ ತಪ್ಪು ಎಣ್ಣೆಯಾಗೆ ಚೆನ್ನಾಗಿ ಅರಳ್ತೈತೆ.”

“ಕುಂತ್ಕಳ್ರಿ,” ಎಂದ ಮುರುಗಪ್ಪ.

“ನಮ್ಮನೆ ಅಡುಗೆ ನೀವೇ ಮಾಡ್ಬೇಕು. ಆದ್ರೆ ನೂರು ಜನಕ್ಕೆ ಹೆಚ್ಚಿಗೇ ಇರ್ಬೇಕು. ಇದೊಂದು ಮಾತು ನಂದು.”

ಆ ವರ್ಷವೂ ಮುರುಗಪ್ಪನಿಗೆ ಮದುವೆಗಳು ಕಡಿಮೆಯೇ ಇದ್ದವು. ಬೇಡವೆನ್ನುವಂತಿರಲಿಲ್ಲ.

“ಅಕ್ಕಿ ಹೆಚ್ಚಿಗೆ ತರ್ರಿ. ಚೀಲ ಬಿಚ್ಚೋದು ಮಾತ್ರ ನನಗೆ ಬಿಡ್ರಿ.”

ಹೊಸದುರ್ಗದ ಆ ಮದುವೆಯಲ್ಲಿ ಮೂರು ಪಂಕ್ತಿ ಎದ್ದವು. ಹೊರಗೆ ಯಾರೂ ಉಳಿದಿರಲಿಲ್ಲ. ಕೊಪ್ಪರಿಗೆಯ ತಳದಲ್ಲಿ ಇದ್ದ ಅನ್ನವನ್ನು ಮುರುಗಪ್ಪ, ಚಂದ್ರಕ್ಕ ಮತ್ತು ಬಡಿಸಿದವರು ಕೂತು ಉಂಡರು. ಚಿತ್ತಯ್ಯ ಉಗ್ರಾಣಕ್ಕೆ ಹೋಗಿ ಹೆಚ್ಚಿನ ಅಕ್ಕಿಯ ಚೀಲವನ್ನು ಮುಟ್ಟಿ ನೋಡಿದ. ಬಾಯಿಯ ಹೊಲಿಗೆ ಹಾಗೆಯೇ ಇತ್ತು.