ಬಿಳಿಯಾಗಿ ಉಳಿದ ಚೌಕ

ಡ್ರಾಯಿಂಗ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿಯಾಗಿರುತ್ತಿತ್ತು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಗೆರಟೆಯಲ್ಲಿ ಕದಡಿ, ಹುರಿಯನ್ನು ಅದರಲ್ಲಿ ಅದ್ದಿ, ಗೋಡೆಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿಸಿ, ನಡುವೆ ಒಮ್ಮೆ ಮೀಟಿ ಬಿಡುತ್ತಿದ್ದರು. ಹುರಿ ಟಪ್ಪೆಂದು ಬಡಿದ ಕಡೆ ಸಣ್ಣ ನೇರ ಗೆರೆ ಮೂಡುತ್ತಿತ್ತು. ಅಡ್ಡಕ್ಕೂ ಉದ್ದಕ್ಕೂ ಹೀಗೆ ಗೆರೆ ಬಿದ್ದ ಮೇಲೆ ಹಿಂದಕ್ಕೆ ಸರಿದು, ಪಂಚೆಗೆ ಕೈ ಒರೆಸಿಕೊಂಡು, "ಇನ್ನು ಇದರೊಳಕ್ಕೆ ಏನು ಬೇಕಾದ್ರೂ ತರಬೌದು ಕಣಮ್ಮ" ಎನ್ನುತ್ತಿದ್ದರು.

ಕೊಡಗಿನ ನಾಪೋಕ್ಲಿನಿಂದ ಸ್ವಲ್ಪ ಒಳಗಿದ್ದ ಶಾಲೆಯೊಂದಕ್ಕೆ ನಾನು ಟೀಚರಾಗಿ ಸೇರಿದಾಗ ಅವರು ಅಲ್ಲಿ ಹಳಬರು. ಶಿರಂಗಾಲದ ಕಡೆಯವರು, ಅವರ ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಬೇಸಾಯಕ್ಕೆ ನಿಂತ ಮನೆತನ. ನನ್ನ ಮನೆಮಾತು ಅರೆಭಾಷೆ, ಮಕ್ಕಳದು ಕೊಡವ, ಮಲೆಯಾಳ, ತಮಿಳು, ತುಳು. ಈ ಗಲಾಟೆಯಲ್ಲಿ ಮೇಷ್ಟ್ರ ಹಾಸನದ ಕನ್ನಡ ದೂರದಿಂದಲೇ ಗುರುತು ಸಿಗುತ್ತಿತ್ತು.

ಹೀಗೆ ಅಡ್ಡ ಉದ್ದ ಗೆರೆ ಕೂಡಿ ಆಗುವ ಚೌಕಳಿಯೆಂದರೆ ಅವರಿಗೆ ಹುಚ್ಚು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ಅದೇ ಮಾತು. ಮನುಷ್ಯ ಮೊದಲ ಚಾಪೆ ಹೆಣೆದಾಗಲೇ ಚೌಕವನ್ನು ಕಂಡುಕೊಂಡ. ಮಗ್ಗದ ಹಾಸು ಹೊಕ್ಕು ಅದೇ, ಅಂಗಳದ ಚುಕ್ಕಿ ರಂಗೋಲಿ ಅದೇ, ನೆಲದ ಮೇಲೆ ಇದ್ದಿಲಲ್ಲಿ ಬರೆದು ಆಡುವ ಚೌಕಾಬಾರವೂ ಅದೇ. ಸಿಂಧೂ ನದಿಯ ದಂಡೆಯಲ್ಲಿ ಅಗೆದು ತೆಗೆದ ಊರುಗಳ ಬೀದಿ ಒಂದಕ್ಕೊಂದು ನೇರ ಅಡ್ಡ ಹಾಯುತ್ತವಂತೆ. ಭೂಗೋಳದ ಮೇಲೆ ಕಣ್ಣಿಗೆ ಕಾಣದ ಗೆರೆ ಎಳೆದೇ ಹಡಗಿನವರು ದಾರಿ ಹುಡುಕಿದರಂತೆ. ನಾನು ಕಾಫಿ ತೋಟದ ಸಾಲು ತೋರಿಸಿ, "ಅದೂ ಚೌಕವೇ ಅಲ್ವ ಮೇಷ್ಟ್ರೇ?" ಎಂದು ಕೆಣಕುತ್ತಿದ್ದೆ. ಅವರ ಮುಖ ಗಂಟಿಕ್ಕುತ್ತಿತ್ತು. "ಗಿಡಾನ ಸಾಲಲ್ಲಿ ನಿಲ್ಸು, ಬೇಡ ಅಂದವರ್ಯಾರು? ಮನುಷ್ಯರನ್ನೂ ಹಂಗೇ ನಿಲ್ಸಿ ನೀನು ಮೇಲಿನ ಸಾಲು, ನೀನು ಕೆಳಗಿನ ಸಾಲು ಅಂತಾರಲ್ಲ, ಅಲ್ಲಿ ನನಗೆ ಮೈ ಉರೀತದೆ. ಚೌಕಳಿಯಲ್ಲಿ ಎಲ್ಲ ಮನೆಯೂ ಒಂದೇ ಅಳತೆ ತಾಯಿ."

ಕೊಡಗು ಹೊಸ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹೊಸ ರಾಜ್ಯದ ನಕ್ಷೆ ಮಕ್ಕಳಿಗೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗದು ಎಂದು ಮೇಷ್ಟ್ರು ಶಾಲೆಯ ದೊಡ್ಡ ಗೋಡೆಯ ಮೇಲೆ ಅದನ್ನು ಬರೆಸಲು ಹೊರಟರು. ಪುಸ್ತಕದಲ್ಲಿದ್ದ ಸಣ್ಣ ನಕ್ಷೆಯ ಮೇಲೆ ಸಣ್ಣ ಚೌಕ, ಗೋಡೆಯ ಮೇಲೆ ದೊಡ್ಡ ಚೌಕ. ಒಂದೊಂದು ಮಗುವಿಗೆ ಒಂದೊಂದು ಚೌಕ. ಯಾರಿಗೆ ಯಾವುದು ಎಂದು ತಾವು ಹೇಳಲಿಲ್ಲ, ಚೀಟಿ ಎತ್ತಿಸಿದರು. ಕೊಡಗು ಇದ್ದ ಚೌಕ ಬಂದದ್ದು ಸೆಲ್ವಿಗೆ.

ಸೆಲ್ವಿ ಪಕ್ಕದ ಎಸ್ಟೇಟಿನ ಲೈನ್ ಮನೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಅಲ್ಲಿ ಕೂಲಿ. ಮಾತು ಕಡಿಮೆ, ಕೈ ಮಾತ್ರ ಒಳ್ಳೆಯದು. ಕಾವೇರಿ ನದಿ ತನ್ನ ಚೌಕದಿಂದ ಪಕ್ಕದ ಚೌಕಕ್ಕೆ ದಾಟುವ ಕಡೆ, ಆ ಚೌಕದ ಹುಡುಗನನ್ನು ಕರೆದು, ಇಬ್ಬರ ಗೆರೆಯೂ ಕೂಡುವವರೆಗೆ ಬಿಡಲಿಲ್ಲ. ಮುಗಿದ ದಿನ ಮಕ್ಕಳೆಲ್ಲ ದೂರ ಹೋಗಿ ನಿಂತು ನೋಡಿದರು. ಬಿಡಿಬಿಡಿಯಾಗಿ ಬರೆದದ್ದು ಒಂದೇ ನಾಡಾಗಿ ಕೂತಿತ್ತು.

ಶಾಲಾ ಸಮಿತಿಯ ಅಧ್ಯಕ್ಷರು ಆ ಎಸ್ಟೇಟಿನ ಯಜಮಾನರೇ. ಇನ್ಸ್‌ಪೆಕ್ಟರು ಶಾಲೆಯ ತಪಾಸಣೆಗೆ ಬರುತ್ತಾರೆಂದು ಏರ್ಪಾಟು ನೋಡಲು ಬಂದವರು ನಕ್ಷೆಯ ಮುಂದೆ ನಿಂತು, "ನಮ್ಮ ಕೊಡಗು ಬರೆದದ್ದು ಯಾರು?" ಎಂದು ಕೇಳಿದರು. ಮೇಷ್ಟ್ರು ಹೆಮ್ಮೆಯಿಂದಲೇ ಹೇಳಿದರು.

"ಲೈನಿನ ಹುಡುಗಿಯಾ? ನಮ್ಮ ಊರು ಬರೀಲಿಕ್ಕೆ ಒಳ್ಳೆ ಮನೆಯ ಮಕ್ಕಳು ಯಾರೂ ಸಿಗಲಿಲ್ವ ನಿಮಗೆ?"

"ಚೀಟಿಯಲ್ಲಿ ಬಂತು ಸಾರ್. ಬರೆದದ್ದು ಚೆನ್ನಾಗೂ ಇದೆ."

"ಇರಬಹುದು. ಇನ್ಸ್‌ಪೆಕ್ಟರು ಕೇಳಿದರೆ ನಾನು ಎಂತ ಹೇಳುದು? ಅದೊಂದು ಚೌಕ ಅಳಿಸಿ ಬೇರೆಯವರ ಕೈಲಿ ಬರೆಸಿ."

"ಆಗಲ್ಲ ಸಾರ್" ಎಂದರು ಮೇಷ್ಟ್ರು. ದನಿ ಏರಿಸಲಿಲ್ಲ. ನಾನು ಅಲ್ಲೇ ಇದ್ದೆ. ಅವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು.

ಮರುದಿನ ಮೇಷ್ಟ್ರು ಬರುವ ಮೊದಲೇ ಹೆಡ್‌ಮಾಸ್ಟರು ಜವಾನನ ಕೈಯಲ್ಲಿ ಆ ಚೌಕಕ್ಕೆ ಸುಣ್ಣ ಬಳಿಸಿದ್ದರು. ಸೆಲ್ವಿ ಬಂದು ನೋಡಿದಳು. ಅಳಲಿಲ್ಲ. ಸುಣ್ಣವನ್ನು ಬೆರಳಲ್ಲಿ ಮುಟ್ಟಿ, ಲಂಗಕ್ಕೆ ಒರೆಸಿಕೊಂಡು ತರಗತಿಗೆ ಹೋಗಿ ಕೂತಳು. ಅದರ ಮಾರನೆಯ ದಿನದಿಂದ ಅವಳು ಶಾಲೆಗೇ ಬರಲಿಲ್ಲ.

ಒಂದು ಸಂಜೆ ಪಾಠ ಮುಗಿದ ಮೇಲೆ ನಾನೂ ಮೇಷ್ಟ್ರೂ ಲೈನ್ ಮನೆಗಳಿಗೆ ಹೋದೆವು. ಒಂದೇ ಅಚ್ಚಿನ ಕೋಣೆಗಳ ಉದ್ದ ಸಾಲು. ಒಂದೊಂದರಲ್ಲಿ ಒಂದೊಂದು ಸಂಸಾರ, ಗಾಳಿಗೆ ಕಿಟಕಿಯಿಲ್ಲ. ಸೆಲ್ವಿಯ ಅಪ್ಪ ಹೊರಗೆ ಬಂದು ಕೈ ಕಟ್ಟಿ ನಿಂತರು.

"ರೈಟರ್ ಹೇಳಿಟ್ಟಾರೆ ಸಾಮಿ. ಪುಳ್ಳ ಇನ್ನು ಸ್ಕೂಲಿಗೆ ಬೇಡ, ಪಿಕ್ಕಿಂಗ್‌ಗೆ ಬರ್ಲಿ ಅಂತ. ಇಲ್ಲಾಂದ್ರೆ ಲೈನ್ ಖಾಲಿ ಮಾಡು ಅಂತಾರೆ. ನಾವು ಎಲ್ಲಿ ಹೋಗೋದು?"

ಮೇಷ್ಟ್ರು ಮೊದಲು ಅವರ ಕೈ ಬಿಡಿಸಿದರು. "ನನ್ನ ಮುಂದೆ ಹಿಂಗೆ ನಿಲ್ಲಬೇಡಪ್ಪ" ಎಂದರು. ಆಮೇಲೆ ಎಸ್ಟೇಟಿನ ಲೆಕ್ಕ ನೋಡುವ ರೈಟರನ್ನು ಹುಡುಕಿಕೊಂಡು ಹೋಗಿ, ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ಬರುತ್ತಿದ್ದ ಹೆಂಗಸರೆಲ್ಲ ಕೇಳುವ ಹಾಗೆ, "ಮಗು ಕೈಲಿ ನಕ್ಷೆ ಬರೆಸಿದೋನು ನಾನು. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಲಿ ಅಂತ ನಿಮ್ಮ ಯಜಮಾನರಿಗೆ ಹೇಳಿ" ಎಂದರು. ರೈಟರ್ ನನ್ನ ಕಡೆ ತಿರುಗಿ, "ನೀವಾದ್ರೂ ಬುದ್ಧಿ ಹೇಳಿ ಟೀಚರೇ" ಎಂದ. "ಅವರು ಹೇಳಿದ್ದರಲ್ಲಿ ತಪ್ಪೆಂತ ಉಂಟು?" ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಎಸ್ಟೇಟಿನವರು ಮಾತ್ರ ಸೆಲ್ವಿಯನ್ನು ಶಾಲೆಗೆ ಬಿಡಲಿಲ್ಲ. ಇತ್ತ ಹೆಡ್‌ಮಾಸ್ಟರು ಒಬ್ಬೊಬ್ಬ ಹುಡುಗನನ್ನೇ ಕರೆದು ಸುಣ್ಣದ ಚೌಕ ತುಂಬಲು ಹೇಳಿದರು. ಒಬ್ಬನೂ ಬ್ರಷ್ ಮುಟ್ಟಲಿಲ್ಲ. ಅಧ್ಯಕ್ಷರ ಅಣ್ಣನ ಮಗನೂ ಅದೇ ತರಗತಿಯಲ್ಲಿದ್ದ. ಅವನು ತಲೆ ತಗ್ಗಿಸಿ, "ಅದು ಸೆಲ್ವಿದು ಸಾರ್" ಎಂದುಬಿಟ್ಟ. ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗಾಗಿ ಇನ್ಸ್‌ಪೆಕ್ಟರು ಬಂದಾಗಲೂ ಗೋಡೆ ಹಾಗೆಯೇ ಇತ್ತು. ಅವರು ನಕ್ಷೆಯನ್ನು ಮೆಚ್ಚಿ, ಹತ್ತಿರ ಹೋಗಿ, "ಇದೇನು, ಕೊಡಗೇ ಇಲ್ಲವಲ್ಲ?" ಎಂದು ಕೇಳಿದರು.

"ಬಣ್ಣ ಉದುರಿದೆ ಸಾರ್, ಸರಿ ಮಾಡಿಸ್ತೇವೆ" ಎಂದರು ಹೆಡ್‌ಮಾಸ್ಟರು.

"ಉದುರಿಲ್ಲ ಸಾರ್" ಎಂದರು ಮೇಷ್ಟ್ರು. "ಸುಣ್ಣ ಬಳಿಸಿದ್ದು. ಆ ಚೌಕ ಬರೆದದ್ದು ಸೆಲ್ವಿ ಅನ್ನೋ ಹುಡುಗಿ. ಅವಳಪ್ಪ ತೋಟದಲ್ಲಿ ಕೂಲಿ ಮಾಡ್ತಾನೆ ಅಂತ ಅಳಿಸಿದ್ರು. ಈಗ ಅವಳನ್ನ ಸ್ಕೂಲಿಂದಲೂ ಬಿಡಿಸಿದ್ದಾರೆ."

ಇನ್ಸ್‌ಪೆಕ್ಟರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಊಟಕ್ಕೆ ಹೊತ್ತಾಯ್ತು, ಬನ್ನಿ" ಎಂದರು. ಇಬ್ಬರೂ ಹೋದರು. ಒಂದು ಮಗುವಿನ ಓದು ನಿಂತಿದೆ ಎಂಬ ಮಾತು ಅವರಿಗೆ ಊಟಕ್ಕಿಂತ ದೊಡ್ಡದಾಗಲಿಲ್ಲ.

ಕೆಲವೇ ದಿನಗಳಲ್ಲಿ ಮೇಷ್ಟ್ರಿಗೆ ಕುಟ್ಟಕ್ಕೆ ವರ್ಗವಾಯಿತು. ಜಿಲ್ಲೆಯ ಆ ಕೊನೆ. ಅವರು ಹೋದ ವಾರವೇ ಇಡೀ ಗೋಡೆಗೆ ಸುಣ್ಣ ಬಿತ್ತು. ಅವರು ಹೊರಟ ದಿನ ಬಸ್ಸಿಗೆ ಕಾಯುವಾಗ ನಾನು, "ಬೇಜಾರಾಯ್ತಾ ಮೇಷ್ಟ್ರೇ?" ಎಂದು ಕೇಳಿದ್ದೆ.

"ಬೇಜಾರಲ್ಲಮ್ಮ, ಸಿಟ್ಟು. ಬೇಜಾರಾದ್ರೆ ಮುಸುಕೆಳೆದು ಮಲಗಿಬಿಡ್ತಿದ್ದೆ. ನಾಳೆ ಅಲ್ಲೂ ಪಾಠ ಮಾಡಬೇಕಲ್ಲ."

ಕೊಯ್ಲು ಮುಗಿದ ಮೇಲೆ ಸೆಲ್ವಿಯ ಅಪ್ಪ ಅಮ್ಮ ಯಾರಿಗೂ ಹೇಳದೆ ಆ ಎಸ್ಟೇಟು ಬಿಟ್ಟರು. ಕುಟ್ಟದ ಕಡೆ ಬೇರೊಂದು ತೋಟದಲ್ಲಿ ಕೆಲಸ ಹಿಡಿದು, ಮಗಳ ಕೈ ಹಿಡಿದುಕೊಂಡು ಮೇಷ್ಟ್ರ ಶಾಲೆಯ ಬಾಗಿಲಲ್ಲಿ ನಿಂತರಂತೆ. ಮೇಷ್ಟ್ರು ಕರೆದದ್ದಲ್ಲ, ಅವರೇ ವಿಚಾರಿಸಿಕೊಂಡು ಹೋದದ್ದು. ಅವಳು ಅಲ್ಲಿ ಓದಿದಳು, ಮುಂದೆ ನರ್ಸಾದಳು.

ಮೇಷ್ಟ್ರು ಕುಟ್ಟದಲ್ಲೇ ನಿವೃತ್ತರಾಗಿ, ಊರಿಗೆ ಹಿಂದಿರುಗಿ, ಶಿರಂಗಾಲದಲ್ಲಿ ತೀರಿಕೊಂಡರು. ನಮ್ಮ ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಮುದುಕರಾಗಿದ್ದ ಅದೇ ಅಧ್ಯಕ್ಷರು ಮೊದಲು ಮಾತಾಡಿದರು. ತೀರಿಕೊಂಡವರು ಶಿಸ್ತಿನ ಮನುಷ್ಯ, ಯಾರಿಗೂ ಎದುರಾಡಿದವರಲ್ಲ, ಈ ಶಾಲೆಯನ್ನು ಬಿಟ್ಟು ಹೋಗುವಾಗ ಕಣ್ಣೀರು ಹಾಕಿದ್ದರು ಎಂದರು. ಸತ್ತವರನ್ನು ಹೀಗೂ ಅವಮಾನ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮಾತಾಡುವವರ ಪಟ್ಟಿಯಲ್ಲಿ ನಾನಿರಲಿಲ್ಲ. ಆದರೂ ಎದ್ದು ಮುಂದೆ ಹೋದೆ. ಮೇಷ್ಟ್ರು ಎದುರಾಡಿದ್ದು ಯಾರಿಗೆ, ಯಾವುದಕ್ಕಾಗಿ ಎಂದು ಮೊದಲಿನಿಂದ ಹೇಳಲು ಶುರು ಮಾಡಿದೆ. ಹೊಸ ಹೆಡ್‌ಮಾಸ್ಟರು, "ಹೊತ್ತಾಯ್ತು ಟೀಚರೇ, ಕೂತ್ಕೊಳ್ಳಿ" ಎಂದರು.

"ಕೂರ್ತೇನೆ, ಹೇಳಿ ಮುಗಿಯಲಿ" ಎಂದೆ. ಸೆಲ್ವಿಯ ಹೆಸರು ಹೇಳಿದೆ, ಅವಳ ಅಪ್ಪ ಅಮ್ಮ ಯಾರ ತೋಟದಲ್ಲಿ ದುಡಿಯುತ್ತಿದ್ದರೆಂದು ಹೇಳಿದೆ, ಸುಣ್ಣ ಬಳಿಸಿದವರು ಯಾರೆಂದು ಹೇಳಿದೆ. ಪೂರ್ತಿ ಹೇಳಿದ ಮೇಲೆಯೇ ಕೂತೆ.